ಎಡಕ್ಕೊಂದು ಅಳತೆ, ಬಲಕ್ಕೊಂದು ಅಳತೆ

೯ ಫೆಬ್ರವರಿ

ಅತ್ತೆಗೆ ಗುಬ್ಬಿಯ ನಮಸ್ಕಾರಗಳು.

ಫೋನಿನಲ್ಲಿ ನನ್ನ ದನಿ ಜೇನುಹುಳು ಗುಂಯ್‌ಗುಟ್ಟಿದ ಹಾಗೆ ಕೇಳುತ್ತದೆ ಎಂದಿರಿ. ಐವತ್ತು ವರ್ಷ ಹೊಲಿಗೆ ಯಂತ್ರದ ಪಕ್ಕ ಕೂತ ಕಿವಿಗಳು, ಅವುಗಳ ತಪ್ಪಲ್ಲ. ಅದಕ್ಕೇ ಈ ಕಾಗದ. ಅಪ್ಪನ ಕೈಗೆ ಕೊಟ್ಟು ಓದಿಸಬೇಡಿ. ನೀವೇ ಓದಿ.

ಮೊದಲು ಒಳ್ಳೆಯ ಸುದ್ದಿ. ಬಂದರಿನ ದೊಡ್ಡ ಕ್ರೇನಿಗೆ ನನ್ನನ್ನು ಹಾಕಿದ್ದಾರೆ. ಹದಿಮೂರು ಅಂತಸ್ತಿನ ಎತ್ತರದಲ್ಲಿ ಒಂದು ಗಾಜಿನ ಗೂಡು, ಕಾಲ ಕೆಳಗೂ ಗಾಜು, ಎರಡು ಕೈಗೆ ಎರಡು ಹಿಡಿ. ಹಡಗಿನಿಂದ ಮನೆಯಷ್ಟು ದೊಡ್ಡ ಪೆಟ್ಟಿಗೆ ಎತ್ತಿ ಲಾರಿಯ ಮೇಲೆ ಇಟ್ಟರೆ ಡ್ರೈವರನ ಕೈಯಲ್ಲಿರುವ ಲೋಟದ ಟೀ ತುಳುಕಬಾರದು. ತುಳುಕುವುದಿಲ್ಲ. ಈ ಬಂದರಿನಲ್ಲಿ ಆ ಗೂಡು ಹತ್ತಿದ ಮೊದಲ ಹೆಂಗಸು ನಾನು.

ಇನ್ನೊಂದು ಸುದ್ದಿ. ಹೋದ ತಿಂಗಳು ಸ್ನಾನ ಮಾಡುವಾಗ ಬಲಗಡೆ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ಗಾಬರಿ ಬೇಡ, ಸೂಜಿ ಹಾಕಿ ನೋಡಿದರು, ನೀರು ತುಂಬಿದ ಗುಳ್ಳೆ ಅಷ್ಟೇ. ಆದರೆ ಡಾಕ್ಟರು ಅಲ್ಲಿಗೆ ಬಿಡಲಿಲ್ಲ. "ನಿಮ್ಮ ಮನೇಲಿ ಯಾರಿಗಾದ್ರೂ ಸ್ತನ ಕ್ಯಾನ್ಸರ್ ಇತ್ತಾ? ಅಜ್ಜಿಗೆ? ಅತ್ತೆಯರಿಗೆ?" ಎಂದು ಕೇಳಿದರು. ಅಜ್ಜಿ ಹೇಗೆ ಹೋದರು? ದೊಡ್ಡತ್ತೆ ಹೇಗೆ ಹೋದರು? ಮೂವತ್ತನಾಲ್ಕು ವರ್ಷವಾದರೂ ನನಗೆ ಗೊತ್ತಿಲ್ಲ.

ಅಪ್ಪನನ್ನು ಕೇಳಿದೆ. "ನಮ್ಮ ಕಡೆ ಯಾರಿಗೂ ಏನೂ ಇಲ್ಲ. ಅದೆಲ್ಲ ತಾಯಿ ಕಡೆಯಿಂದ ಬರೋದು, ನಿಮ್ಮಮ್ಮನ್ನ ಕೇಳು" ಎಂದ. ಅಮ್ಮನ ಕಡೆಯವರೆಲ್ಲ ತೊಂಬತ್ತು ದಾಟಿದ ಮೇಲೆ, ಸಾಕಾಯ್ತು ಎಂದು ತಾವಾಗಿಯೇ ಹೋದವರು.

ನಿಮ್ಮ ಹತ್ತಿರ ಅಳತೆ ಪುಸ್ತಕಗಳಿವೆ. ಈ ಮನೆಯ ಹೆಂಗಸರ ಮೈ ನಿಮಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ, ನನ್ನದೊಂದನ್ನು ಬಿಟ್ಟು. ನನಗೆ ಹದಿನೈದು ತುಂಬಿದಾಗಿನಿಂದ ನೀವು ಒಂದು ಅಂಗಿಯನ್ನೂ ಹೊಲಿದುಕೊಟ್ಟಿಲ್ಲ. "ಅಂಗಡೀಲಿ ಹೊಲಿದಿಟ್ಟದ್ದು ಸಿಗುತ್ತೆ, ಹೋಗೇ" ಎಂದು ಓಡಿಸಿದಿರಿ. ಅದಿರಲಿ. ಇದಕ್ಕಾದರೂ ಉತ್ತರ ಕೊಡಿ.

ನಿಮ್ಮ ಗುಬ್ಬಿ

೨೦ ಫೆಬ್ರವರಿ

ಗುಬ್ಬಿಗೆ ಅತ್ತೆಯ ಆಶೀರ್ವಾದ.

ಹದಿಮೂರು ಅಂತಸ್ತು! ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳಿದೆ, ಕ್ರೇನಿನ ಭಾಗ ಮಾತ್ರ. ಕಾಗದ ತಂದುಕೊಟ್ಟ ಅಂಚೆಯವನಿಗೆ ಎರಡು ಸಲ ಹೇಳಿದೆ. "ಈಗ ತಾನೇ ಹೇಳಿದ್ರಲ್ಲಮ್ಮ" ಎಂದ. "ಇನ್ನೊಂದ್ಸಲ ಕೇಳಿದ್ರೆ ನಿನ್ನ ಗುಂಡಿ ಕಿತ್ತುಹೋಗಲ್ಲ, ನಿಂತ್ಕೋ" ಎಂದೆ.

ಗಂಟು ನೀರಿನದ್ದು ಎಂದರಲ್ಲ, ಮುಗಿಯಿತು. ಡಾಕ್ಟರುಗಳಿಗೆ ಕೇಳುವುದೇ ಕೆಲಸ. ನಿನ್ನ ಅಜ್ಜಿ ಹೊಟ್ಟೆನೋವಿನಲ್ಲಿ ಹೋದಳು. ದೊಡ್ಡತ್ತೆಗೆ ಜ್ವರ ತಲೆಗೇರಿತು. ನನಗೆ ಗೊತ್ತಿರುವುದು ಅಷ್ಟೇ.

ಇನ್ನು ಅಳತೆ ಪುಸ್ತಕ. ಹನ್ನೆರಡಿವೆ, ಕಬ್ಬಿಣದ ಪೆಟ್ಟಿಗೆಯಲ್ಲಿ. ಬೇರೆ ದರ್ಜಿಗಳು ಒಂದು ಕಡೆ ಅಳೆದು ಇನ್ನೊಂದು ಕಡೆಯೂ ಅಷ್ಟೇ ಎಂದುಕೊಳ್ಳುತ್ತಾರೆ. ನಾನು ಎಡಕ್ಕೊಂದು ಅಳತೆ ಬರೆಯುತ್ತೇನೆ, ಬಲಕ್ಕೊಂದು ಅಳತೆ ಬರೆಯುತ್ತೇನೆ. ಯಾರ ಮೈಯೂ ಎರಡು ಕಡೆ ಒಂದೇ ಸಮ ಇರುವುದಿಲ್ಲ. ನನ್ನ ಅಂಗಿ ಮೈಮೇಲೆ ಹುಟ್ಟಿದ ಹಾಗೆ ಕೂರುವುದು ಅದಕ್ಕೇ. ಆದರೆ ಒಬ್ಬಳ ಅಳತೆಯನ್ನು ಇನ್ನೊಬ್ಬಳಿಗೆ ಹೇಳಿದ ದರ್ಜಿ ಅವತ್ತೇ ಬಾಗಿಲು ಹಾಕಬೇಕು. ನಾನು ಇದ್ದವರದ್ದು ಹೇಳಿಲ್ಲ, ಸತ್ತವರದ್ದೂ ಹೇಳುವುದಿಲ್ಲ.

ನಿನ್ನಪ್ಪ ಎದುರುಗಡೆ ಗಡಿಯಾರದ ಅಂಗಡಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದಾನೆ. ಕ್ಷೇಮ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ಅತ್ತೆ

೩ ಮಾರ್ಚ್

ಅತ್ತೆಗೆ,

ಅಮ್ಮನ ಹತ್ತಿರ ಮಾತಾಡಿದೆ. ಸೊಸೆಯಾಗಿ ಬಂದವಳಿಗೆ ಗೊತ್ತಿರುವುದು ಮಗಳಾಗಿ ಹುಟ್ಟಿದವರಿಗೆ ಗೊತ್ತಿಲ್ಲವೇ? ದೊಡ್ಡತ್ತೆ ಕೊನೆಯ ವರ್ಷ ಎಡಗಡೆ ಹತ್ತಿ ತುರುಕಿದ ಒಳಂಗಿ ಹಾಕಿಕೊಳ್ಳುತ್ತಿದ್ದರಂತೆ. ಅದನ್ನು ಹೊಲಿದವರು ನೀವಂತೆ. ಜ್ವರ ಬಂದರೆ ಹತ್ತಿ ತುರುಕುತ್ತಾರೆಯೇ?

ಇಲ್ಲಿಯ ಆಸ್ಪತ್ರೆಯಲ್ಲಿ ಒಬ್ಬ ಸಲಹೆಗಾರ್ತಿ ಇದ್ದಾರೆ. ವಂಶದಲ್ಲಿ ಹರಿದು ಬರುವ ಕಾಯಿಲೆಗಳ ಬಗ್ಗೆ ಹೇಳುವುದೇ ಅವರ ಕೆಲಸ. ಒಂದು ದೊಡ್ಡ ಹಾಳೆ ಹಾಸಿ ನಮ್ಮ ಮನೆತನದ ಚಿತ್ರ ಬರೆಯಲು ಕೂತರು, ಹೆಂಗಸಿಗೆ ಸೊನ್ನೆ, ಗಂಡಸಿಗೆ ಚೌಕ. ಅಮ್ಮನ ಕಡೆ ಬೇಗ ತುಂಬಿತು. ಅಪ್ಪನ ಕಡೆ ಬರೀ ಖಾಲಿ ಸೊನ್ನೆಗಳು. "ಸ್ತನ ಕ್ಯಾನ್ಸರ್ ಹೆಂಗಸರ ಕಾಯಿಲೆ ಅಂತ ಎಲ್ಲರೂ ತಾಯಿ ಕಡೆ ಮಾತ್ರ ನೋಡ್ತಾರೆ. ತಂದೆ ಕಡೆಯಿಂದಲೂ ಅಷ್ಟೇ ಬರುತ್ತೆ. ಗಂಡಸಿಗೆ ಏನೂ ಆಗದೆ ಅವನ ಮೂಲಕ ಮಗಳಿಗೆ ದಾಟಬಹುದು" ಎಂದರು.

ಆ ಸೊನ್ನೆಗಳನ್ನು ತುಂಬಲು ನಿಮ್ಮೊಬ್ಬರಿಂದ ಸಾಧ್ಯ. ನಿಮ್ಮ ಅಂಗಡಿಯ ಮರ್ಯಾದೆ ನನಗೆ ಗೊತ್ತು. ಆದರೆ ನನ್ನನ್ನು ನೀವು ಗಿರಾಕಿಯಾಗಿಯೂ ಸೇರಿಸಲಿಲ್ಲ, ಮನೆಯವಳಾಗಿಯೂ ಸೇರಿಸುತ್ತಿಲ್ಲ. ಮತ್ತೆ ಯಾವ ಪುಸ್ತಕದಲ್ಲಿ ಬರೆದಿದ್ದೀರಿ ನನ್ನನ್ನು?

ಗುಬ್ಬಿ

೩೦ ಮಾರ್ಚ್

ಗುಬ್ಬಿ,

ನಿನ್ನ ಕಾಗದಕ್ಕೆ ಇಪ್ಪತ್ತೇಳು ದಿನ ಉತ್ತರ ಬರೆಯದೆ ಕೂತಿದ್ದೆ. ಮೂರು ಅಂಗಿಗಳನ್ನು ತಪ್ಪಾಗಿ ಕತ್ತರಿಸಿದೆ. ಕೊನೆಗೆ ಕತ್ತರಿ ಕೆಳಗಿಟ್ಟು ಪೆನ್ನು ಹಿಡಿದೆ. ಕೇಳು.

ನನಗೆ ಹದಿನಾಲ್ಕು ವರ್ಷ. ಹೊಲಿಗೆ ಕಲಿತು ನಾಲ್ಕು ತಿಂಗಳು. ಮೊದಲ ಬಾರಿಗೆ ಒಂದು ಇಡೀ ಒಳಂಗಿ ಹೊಲಿದೆ, ನನ್ನಮ್ಮನಿಗೆ, ಅಂದರೆ ನಿನ್ನ ಅಜ್ಜಿಗೆ. ಎದೆಯ ಕೆಳಗೆ ಒಂದರ ಪಕ್ಕ ಒಂದು ಎರಡು ಹೊಲಿಗೆ ಹಾಕಿದೆ, ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ ಉಪಾಯ. ನೋಡಲು ಬಹಳ ಚೆಂದ. ಆದರೆ ಒಂದು ಬೆರಳಷ್ಟು ಬಿಗಿಯಾಯಿತು. "ಬಿಚ್ಚಿ ಸರಿ ಮಾಡ್ತೀನಮ್ಮ" ಎಂದರೆ ಬಿಡಲೇ ಇಲ್ಲ. "ನನ್ನ ಮಗಳ ಮೊದಲ ಹೊಲಿಗೆ ಇದು. ಬಿಚ್ಚಿದ್ರೆ ಕೈ ಮುರೀತೀನಿ" ಎಂದಳು. ದಿನವೂ ಅದನ್ನೇ ತೊಟ್ಟಳು. ಕಂಡವರಿಗೆಲ್ಲ ಸೆರಗು ಸರಿಸಿ ತೋರಿಸಿದಳು. ವರ್ಷ ತುಂಬುವುದರೊಳಗೆ ಗಂಟು ಬಂತು. ಎಲ್ಲಿ ಗೊತ್ತೇ? ಸರಿಯಾಗಿ ಆ ಎರಡು ಹೊಲಿಗೆಯ ಮೇಲ್ಗಡೆ. ಅಮ್ಮ ಹೋದಾಗ ನನಗೆ ಹದಿನಾರು, ನಿನ್ನಪ್ಪನಿಗೆ ಹದಿಮೂರು. ಅವನಿಗೆ ಹೊಟ್ಟೆನೋವು ಎಂದು ಹೇಳಿದ್ದರು. ಅವನು ಇವತ್ತಿಗೂ ಅದನ್ನೇ ನಂಬಿದ್ದಾನೆ.

ಆ ಎರಡು ಹೊಲಿಗೆಯೇ ಮುಂದೆ ನನಗೆ ಹೆಸರು ತಂದಿತು. ಊರ ಹೆಂಗಸರು ಹುಡುಕಿಕೊಂಡು ಬಂದರು. ಆಮೇಲೆ ನನ್ನ ಚಿಕ್ಕಮ್ಮ, ಅಮ್ಮನ ತಂಗಿ. ಅವಳಿಗೂ ನಾನೇ ಹೊಲಿದದ್ದು. ಐವತ್ತಕ್ಕೆ ಹೋದಳು. ಆಮೇಲೆ ನನ್ನಕ್ಕ, ನಿನ್ನ ದೊಡ್ಡತ್ತೆ. ನಲವತ್ತೇಳು. ಮೂವರದ್ದೂ ಅದೇ ಕಾಯಿಲೆ. ಅಕ್ಕನಿಗೆ ಹತ್ತಿ ತುರುಕಿ ಒಳಂಗಿ ಹೊಲಿಯುವಾಗ ನನಗೆ ಅನ್ನಿಸಿತು, ನಮ್ಮ ಮನೆಯ ಹೆಂಗಸರಿಗೆ ನನ್ನ ಕೈಗುಣ ಆಗಿಬರುವುದಿಲ್ಲ. ನಾನು ಬಿಗಿ ಮಾಡಿದಲ್ಲೆಲ್ಲ ಗಂಟು ಕಟ್ಟಿತು.

ಆ ವರ್ಷ ನಿನಗೆ ಹದಿನೈದು. ನೀನು ಬಟ್ಟೆ ಹಿಡಿದುಕೊಂಡು ಬಂದು, "ಅತ್ತೆ, ನಂಗೂ ಎರಡು ಹೊಲಿಗೆ ಹಾಕಿ" ಎಂದೆ. ನಾನು ನಿನ್ನನ್ನು ಓಡಿಸಿದೆ. ಅವತ್ತಿನಿಂದ ಆ ಹೊಲಿಗೆಯನ್ನು ಯಾರಿಗೂ ಹಾಕಿಲ್ಲ.

ಈಗ ನಿನ್ನ ಹಾಳೆಯ ಮೂರು ಸೊನ್ನೆ ತುಂಬಿಕೋ.

ಅತ್ತೆ

೮ ಏಪ್ರಿಲ್

ಅತ್ತೆಗೆ,

ಕಾಗದವನ್ನು ಮೇಲೆ ಗೂಡಿಗೆ ಒಯ್ದು ಊಟದ ಬಿಡುವಿನಲ್ಲಿ ಓದಿದೆ. ಡಬ್ಬಿ ತೆರೆಯಲೇ ಇಲ್ಲ.

ನಾನು ಅಂದುಕೊಂಡದ್ದೇ ಬೇರೆ. ನಾನು ದಪ್ಪ, ಗಂಡುಬೀರಿ, ನಿಮ್ಮ ನಾಜೂಕಿನ ಕೆಲಸಕ್ಕೆ ಲಾಯಕ್ಕಿಲ್ಲ, ಅದಕ್ಕೇ ಓಡಿಸಿದಿರಿ ಎಂದುಕೊಂಡಿದ್ದೆ. ಹತ್ತೊಂಬತ್ತು ವರ್ಷ ನಿಮ್ಮ ಮೇಲೆ ಮುನಿಸಿಕೊಂಡಿದ್ದೆ. ಎಂಥ ಮೊದ್ದುಗಳು ನಾವಿಬ್ಬರೂ!

ಸಲಹೆಗಾರ್ತಿಗೆ ನಿಮ್ಮ ಮಾತು ಹೇಳಿದೆ. ಅವರು ನಗಲಿಲ್ಲ. "ಬಟ್ಟೆ ಬಿಗಿಯಾದ್ರೆ ಮೈಮೇಲೆ ಗೆರೆ ಬೀಳುತ್ತೆ, ಕ್ಯಾನ್ಸರ್ ಬರಲ್ಲ ಅಂತ ನಿಮ್ಮತ್ತೆಗೆ ಹೇಳಿ" ಎಂದರು. ಆಮೇಲೆ ಅವರು ವಿವರಿಸಿದ್ದನ್ನು ನಿಮ್ಮ ಭಾಷೆಯಲ್ಲಿ ಬರೆಯುತ್ತೇನೆ. ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ದಿನಾ ಎಳೆ ಹರಿಯುತ್ತಿರುತ್ತದಂತೆ. ಒಳಗೇ ಆ ಹರುಕನ್ನು ಕೂಡಿಸುವ ರಫೂ ಕೆಲಸವೂ ನಡೆಯುತ್ತಿರುತ್ತದೆ. ಆ ರಫೂ ಹೇಗೆ ಮಾಡಬೇಕು ಎಂದು ಬರೆದಿಟ್ಟ ಹಾಳೆಗಳೇ ಕೆಲವು ಜೀನುಗಳು. ಪ್ರತಿಯೊಬ್ಬರಿಗೂ ಅಂಥ ಹಾಳೆಯ ಎರಡು ಪ್ರತಿ, ಅಪ್ಪನದೊಂದು, ಅಮ್ಮನದೊಂದು. ಒಂದು ಪ್ರತಿಯಲ್ಲಿ ಹುಟ್ಟಿನಿಂದಲೇ ಲೋಪ ಇದ್ದರೂ ಇನ್ನೊಂದನ್ನು ನೋಡಿಕೊಂಡು ಕೆಲಸ ಸಾಗುತ್ತದೆ. ಎಂದೋ ಒಂದು ದಿನ ಎದೆಯ ಒಂದು ಕೋಶದಲ್ಲಿ ಆ ಎರಡನೆಯದೂ ಹಾಳಾದರೆ, ಅಲ್ಲಿ ರಫೂ ಸರಿಯಾಗಿ ಆಗುವುದಿಲ್ಲ. ಹರಿದದ್ದರ ಮೇಲೆ ಹರಿದು ಕೊನೆಗೆ ಗಂಟಾಗಬಹುದು.

ಲೋಪವಿದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಬರುವ ಸಂಭವ ಹೆಚ್ಚು. ಕಾಯಿಲೆ ಬಂದವರಲ್ಲಿ ಹೆಚ್ಚಿನವರಿಗೆ ಇಂಥ ಲೋಪವೇ ಇರುವುದಿಲ್ಲ. ಆದರೆ ಒಂದೇ ಮನೆಯಲ್ಲಿ, ಅದೂ ಚಿಕ್ಕ ವಯಸ್ಸಿಗೆ, ಮೂವರಿಗೆ ಬಂದರೆ ನೋಡಲೇಬೇಕಂತೆ.

ನಂಬಿಕೆ ಬರುವುದಿಲ್ಲವೇ? ಹಾಗಾದರೆ ನಿಮ್ಮ ಪುಸ್ತಕಗಳನ್ನೇ ಕೇಳಿ. ಎರಡು ಹೊಲಿಗೆ ತೊಟ್ಟು, ಆಮೇಲೂ ವರ್ಷಗಟ್ಟಲೆ ನಿಮ್ಮ ಹತ್ತಿರ ಬಂದ ಹೆಂಗಸರು ಎಷ್ಟು? ಅವರಲ್ಲಿ ಒಂದು ಕಡೆಯ ಅಳತೆ ಇದ್ದಕ್ಕಿದ್ದಂತೆ ಇಲ್ಲವಾದವರು ಎಷ್ಟು? ಹೆಸರು ಬೇಡ, ಸಂಖ್ಯೆ ಸಾಕು. ನನ್ನಮ್ಮನನ್ನೂ ಎಣಿಸಿ. ಇಪ್ಪತ್ತು ವರ್ಷ ನಿಮ್ಮ ಹೊಲಿಗೆ ತೊಟ್ಟಳು. ಬೇರೆ ಮನೆಯ ರಕ್ತ. ಈಗ ಮೆಟ್ಟಿಲು ಹತ್ತುವಾಗ ನನಗಿಂತ ಮುಂದಿರುತ್ತಾಳೆ.

ಒಂದು ಪ್ರಶ್ನೆ. ರಕ್ತ ಪರೀಕ್ಷೆಯನ್ನು ಮೊದಲು ಕಾಯಿಲೆ ಬಂದವರಿಗೇ ಮಾಡಬೇಕಂತೆ. ಲೋಪ ಎಲ್ಲಿದೆ ಎಂದು ಅವರಲ್ಲಿ ಸಿಕ್ಕರೆ ಮಿಕ್ಕವರಲ್ಲಿ ಹುಡುಕುವುದು ಸುಲಭ. ನಮ್ಮ ಮನೆಯಲ್ಲಿ ಕಾಯಿಲೆ ಬಂದು ಬದುಕಿರುವವರು ಯಾರಾದರೂ ಇದ್ದಾರೆಯೇ?

ಗುಬ್ಬಿ

೨ ಮೇ

ಗುಬ್ಬಿಗೆ ಆಶೀರ್ವಾದ.

ಅಂಗಡಿಗೆ ಮೂರು ದಿನ ಬಾಗಿಲು ಹಾಕಿದೆ. ಐವತ್ತು ವರ್ಷದಲ್ಲಿ ಮೊದಲ ಸಲ. ನಿನ್ನಪ್ಪ ರಸ್ತೆ ದಾಟಿ ಬಂದು, "ಅಕ್ಕಾ, ಯಾರು ಹೋದ್ರು?" ಎಂದು ಕೇಳಿದ. "ಯಾರೂ ಹೋಗಿಲ್ಲ, ಇದ್ದೋರನ್ನ ಎಣಿಸ್ತಿದ್ದೀನಿ, ಹೋಗು" ಎಂದೆ.

ಎರಡು ಹೊಲಿಗೆ ತೊಟ್ಟು, ಆಮೇಲೆ ಹತ್ತು ವರ್ಷವೋ ಅದಕ್ಕಿಂತ ಹೆಚ್ಚೋ ನನ್ನಲ್ಲಿಗೆ ಬಂದ ಹೊರಗಿನ ಹೆಂಗಸರು ನಾನೂರ ಹನ್ನೆರಡು. ಒಂದು ಕಡೆಯ ಅಳತೆ ಇಲ್ಲವಾದವರು ಹನ್ನೊಂದು. ಮೂರು ಸಲ ಎಣಿಸಿದೆ, ಹನ್ನೊಂದೇ. ನಮ್ಮ ಮನೆಯವರು ನಾಲ್ವರು, ಅದರಲ್ಲಿ ಮೂವರು. ಉಳಿದವಳು ನಿನ್ನಮ್ಮ, ಹೊರಗಿನಿಂದ ಬಂದವಳು.

ನಾನು ಓದಿದ್ದು ಆರನೇ ತರಗತಿ. ಆದರೆ ಅಳತೆ ನನಗೆ ಸುಳ್ಳು ಹೇಳುವುದಿಲ್ಲ. ತಪ್ಪು ಹೊಲಿಗೆಯದ್ದಾಗಿದ್ದರೆ ಆ ನಾನೂರು ಹೆಂಗಸರಲ್ಲಿ ಮುನ್ನೂರು ಮಂದಿ ಇರುತ್ತಿರಲಿಲ್ಲ. ಹೊಲಿಗೆಯದ್ದಲ್ಲ. ನನ್ನ ಕೈಯದ್ದಲ್ಲ. ಪುಸ್ತಕ ಮುಚ್ಚಿಟ್ಟು ನನ್ನ ಎರಡು ಕೈಯನ್ನೂ ಮೇಜಿನ ಮೇಲಿಟ್ಟು ನೋಡುತ್ತಾ ಕೂತೆ. ಒಳ್ಳೆಯ ಕೈಗಳು ಕಣೇ. ಅವಕ್ಕೆ ಐವತ್ತು ವರ್ಷ ಸುಮ್ಮನೆ ಬೈದೆ.

ನಿನ್ನ ಅಳತೆ ಕಳಿಸು. ಎರಡು ಕಡೆಯದ್ದೂ ಬೇರೆ ಬೇರೆ. ನಿನ್ನ ಗೂಡಿನಲ್ಲಿ ದಿನವಿಡೀ ತೋಳು ಚಾಚಿ ಕೂರುವವಳಿಗೆ ಕಂಕುಳಲ್ಲಿ ಹೇಗೆ ಬಿಡಬೇಕು ಎಂದು ಆಗಲೇ ಯೋಚಿಸಿದ್ದೇನೆ.

ನಿನ್ನ ಪ್ರಶ್ನೆಗೆ ಉತ್ತರ: ಬದುಕಿರುವವರು ಯಾರೂ ಇಲ್ಲ.

ಅತ್ತೆ

೧೦ ಮೇ

ಅತ್ತೆಗೆ,

ನಾನೂರ ಹನ್ನೆರಡು! ಸಲಹೆಗಾರ್ತಿ ನಿಮ್ಮ ಕಾಗದವನ್ನು ತಮ್ಮ ಡಾಕ್ಟರಿಗೆ ತೋರಿಸಿದರು. "ಇವರು ಯಾವ ಕಾಲೇಜಲ್ಲಿ ಕಲಿತಿದ್ದು?" ಎಂದು ಅವರು ಕೇಳಿದರಂತೆ. ನಾನು ಎದೆ ಉಬ್ಬಿಸಿ ಹೇಳಿದೆ, ನನ್ನತ್ತೆ ದರ್ಜಿ ಎಂದು. ಅಳತೆ ಈ ಹಾಳೆಯ ಹಿಂದೆ ಇದೆ.

ಬದುಕಿರುವವರು ಯಾರೂ ಇಲ್ಲವಾದ್ದರಿಂದ ನೇರವಾಗಿ ನನ್ನ ರಕ್ತವನ್ನೇ ನೋಡುತ್ತಾರೆ, ಈ ತಿಂಗಳ ಇಪ್ಪತ್ತೆಂಟಕ್ಕೆ. ಒಂದು ತೊಡಕಿದೆ. ಲೋಪ ಇದೆ ಎಂದು ಬಂದರೆ ಇದೆ. ಇಲ್ಲ ಎಂದು ಬಂದರೆ ಅದು ಅರ್ಧ 'ಇಲ್ಲ' ಮಾತ್ರ. ನಮ್ಮ ಮನೆಯಲ್ಲಿರುವ ಲೋಪ ನನಗೆ ದಾಟಿಲ್ಲವೋ, ಅಥವಾ ಅದು ಇವರ ಕೈಗೆ ಸಿಗದ ಜಾಗದಲ್ಲಿದೆಯೋ, ಹೇಳಲಾಗುವುದಿಲ್ಲ. ದೊಡ್ಡತ್ತೆಯ ಮಗಳು ಟೀಚರಮ್ಮನಿಗೂ ಇದೇ ಕತೆ. ಅವಳಿಗೆ ಎಲ್ಲ ಹೇಳಿದ್ದೇನೆ. "ಅರ್ಧ ಇಲ್ಲ ಅನ್ನೋದನ್ನ ಇಟ್ಕೊಂಡು ನಾನು ಹೇಗೆ ಬದುಕ್ಲಿ?" ಎಂದು ಅತ್ತಳು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು.

ಇರಲಿ. ಇರುವುದರಲ್ಲೇ ಆಗಬೇಕು.

ಗುಬ್ಬಿ

೧೬ ಮೇ

ಗುಬ್ಬಿ,

ನನ್ನ ಲೆಕ್ಕದಲ್ಲಿ ಒಂದು ತಪ್ಪಿದೆ. ನಮ್ಮ ಮನೆಯವರು ನಾಲ್ವರಲ್ಲ, ಐವರು. ಕಾಯಿಲೆ ಬಂದವರು ಮೂವರಲ್ಲ, ನಾಲ್ವರು.

ಹನ್ನೊಂದನೇ ಪುಸ್ತಕದ ಕೊನೆಯ ಹಾಳೆಯಲ್ಲಿ ಹೆಸರಿಲ್ಲದ ಒಂದು ಅಳತೆ ಇದೆ. ಎಡ ಇದೆ, ಬಲದ ಜಾಗದಲ್ಲಿ ಒಂದು ಗೆರೆ. ಅದು ನನ್ನದು.

ಹನ್ನೆರಡು ವರ್ಷದ ಹಿಂದೆ. ಹೊಸ ಯಂತ್ರದ ಕೆಲಸ ಕಲಿಯಲು ನಲವತ್ತು ದಿನ ಬೇರೆ ಊರಿಗೆ ಹೋಗಿದ್ದೆನಲ್ಲ, ನೆನಪಿದೆಯೇ? ಯಂತ್ರವೂ ಇಲ್ಲ, ಕಲಿಕೆಯೂ ಇಲ್ಲ. ಆಸ್ಪತ್ರೆಯಲ್ಲಿದ್ದೆ. ಬೇಗ ಸಿಕ್ಕಿತ್ತು, ಬಲಗಡೆ ಪೂರ್ತಿ ತೆಗೆದರು. ಆಮೇಲೆ ಐದು ವರ್ಷ ಮಾತ್ರೆ. ಮಾತ್ರೆಗಳನ್ನು ಗುಂಡಿ ಡಬ್ಬಿಯಲ್ಲಿ ಇಟ್ಟಿದ್ದೆ. ಅಂಗಡಿಯಲ್ಲಿ ಯಾರು ಗುಂಡಿ ಡಬ್ಬಿ ಕೆದಕುತ್ತಾರೆ? ನನ್ನ ಕೈಗುಣ ನನಗೇ ತಿರುಗಿತು, ಸರಿಯಾಯ್ತು ಎಂದುಕೊಂಡೆ. ಅದಕ್ಕೇ ಯಾರಿಗೂ ಹೇಳಲಿಲ್ಲ. ಕೊಟ್ಟ ಶಿಕ್ಷೆಯನ್ನು ಬಾಯಿ ಮುಚ್ಚಿಕೊಂಡು ಅನುಭವಿಸಬೇಕು ಎನ್ನಿಸಿತ್ತು. ಈಗ ಹೇಳುವುದಕ್ಕೂ ಅಂಜಿಕೆ. ನಿನ್ನ ಹಾಳೆಯಲ್ಲಿ ಇನ್ನೊಂದು ಸೊನ್ನೆ ತುಂಬಿದರೆ ನಿನ್ನ ಎದೆ ಒಡೆಯಬಹುದು ಎಂದು "ಯಾರೂ ಇಲ್ಲ" ಎಂದು ಬರೆದೆ. ನಾನು ಬಾಯಿ ಬಿಡದ್ದರಿಂದ ನಿನಗೂ ಟೀಚರಮ್ಮನಿಗೂ ಸಿಗಬೇಕಾದ ಉತ್ತರ ಅರ್ಧವಾಗುತ್ತದೆ ಎಂದರೆ, ಇನ್ನು ನಾನು ಸುಮ್ಮನಿರುವುದಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಜಂಬದ ಮಾತನ್ನೂ ಹೇಳಲು ಬಿಡು. ಹನ್ನೆರಡು ವರ್ಷ ಯಾರಿಗೂ ಹೇಳಲಾಗದೆ ಹೊಟ್ಟೆ ಉಬ್ಬಿದೆ. ಬಲಗಡೆಗೆ ಏನು ಇಡುವುದು? ಮೊದಲು ಹತ್ತಿ ಇಟ್ಟೆ. ಹಗುರ, ಮಧ್ಯಾಹ್ನದ ಹೊತ್ತಿಗೆ ಕತ್ತಿನವರೆಗೆ ಏರುತ್ತಿತ್ತು. ಆಮೇಲೆ ಸಾಸಿವೆ ತುಂಬಿದೆ. ತೂಕ ಸರಿ. ಬೆವರಿಗೆ ಮೊಳಕೆ ಬಂತು! ಗಿರಾಕಿಯೊಬ್ಬಳು, "ಅಂಗಡೀಲಿ ಏನೋ ಹಸಿರು ವಾಸನೆ" ಎಂದಳು. ಕೊನೆಗೆ ಸಣ್ಣ ಗಾಜಿನ ಮಣಿಗಳನ್ನು ರೇಷ್ಮೆ ಚೀಲದಲ್ಲಿ ಹಾಕಿ, ಸುತ್ತ ತೆಳ್ಳಗೆ ಹತ್ತಿ ಸುತ್ತಿ, ತಕ್ಕಡಿಯಲ್ಲಿ ತೂಗಿ, ಎಡಗಡೆಗೆ ಸರಿದೂಗುವ ಹಾಗೆ ಮಾಡಿದೆ. ಭುಜ ಓರೆಯಾಗಲಿಲ್ಲ, ಬೆನ್ನು ನೋಯಲಿಲ್ಲ. ಬಗ್ಗಿದರೆ ಬಗ್ಗುತ್ತದೆ, ಓಡಿದರೆ ಓಡುತ್ತದೆ. ಪ್ರತಿ ಸಲ ನನ್ನನ್ನು ತಬ್ಬಿಕೊಳ್ಳುವ ನಿನ್ನಮ್ಮನಿಗೇ ಗೊತ್ತಾಗಿಲ್ಲ. ನನ್ನ ಕೈಯಿಂದ ಬಂದ ಕೆಲಸಗಳಲ್ಲೆಲ್ಲ ಅದೇ ದೊಡ್ಡದು.

ರಕ್ತ ಎಲ್ಲಿ ಕೊಡಬೇಕು ಹೇಳು. ಎಷ್ಟು ಬೇಕೋ ತೆಗೆದುಕೊಳ್ಳಲಿ.

ಅತ್ತೆ

೨೩ ಮೇ

ಅತ್ತೆ,

ಗೂಡಿನಲ್ಲಿ ಕೂತು ಸಾಸಿವೆಯ ಕತೆ ಓದಿ ನಕ್ಕೆ. ಆಮೇಲೆ ಅಳು ತಡೆಯಲಾಗಲಿಲ್ಲ. ಕೆಳಗಿನಿಂದ ಮೇಸ್ತ್ರಿ, "ಯಾಕ್ರೀ ಕ್ರೇನ್ ನಿಂತಿದೆ?" ಎಂದು ವೈರ್‌ಲೆಸ್ಸಿನಲ್ಲಿ ಕೂಗಿದ. "ನಮ್ಮತ್ತೆ ಬದುಕಿದ್ದಾರೆ" ಎಂದೆ. "ಸಂತೋಷ. ಪೆಟ್ಟಿಗೆ ಇಳಿಸಿ" ಎಂದ.

ನನ್ನ ಪರೀಕ್ಷೆ ಮುಂದೂಡಿದ್ದೇನೆ. ನಿಮ್ಮೂರ ಜಿಲ್ಲಾ ಆಸ್ಪತ್ರೆಯಲ್ಲೇ ರಕ್ತ ತೆಗೆದು ಇಲ್ಲಿಗೆ ಕಳಿಸುತ್ತಾರೆ. ಚೀಟಿ ಜೊತೆಗಿದೆ.

ಗುಬ್ಬಿ

೨೫ ಜುಲೈ

ಗುಬ್ಬಿಗೆ ಆಶೀರ್ವಾದ.

ಸಿಕ್ಕಿತು. ರಫೂ ಮಾಡುವ ಒಂದು ಜೀನಿನಲ್ಲಿ ಲೋಪವಿದೆ, ಇಂಥದ್ದೇ ಜಾಗದಲ್ಲಿ ಎಂದು ಬೆರಳಿಟ್ಟು ತೋರಿಸಿದರು. ಇದೇ ಲೋಪ ಅಂಡಾಶಯಕ್ಕೂ ಕಾಯಿಲೆ ತರಬಹುದಂತೆ, ಅದಕ್ಕೇ ನನ್ನ ಎಡಗಡೆಯನ್ನೂ ಅಂಡಾಶಯವನ್ನೂ ನೋಡಬೇಕಂತೆ. ಆಗಲಿ ಎಂದೆ. ಇಷ್ಟು ವರ್ಷ ಬೇರೆಯವರ ಅಳತೆ ತೆಗೆದೆ, ಈಗ ನನ್ನದನ್ನು ತೆಗೆಯಲಿ.

ಕಾಗದ ಹಿಡಿದುಕೊಂಡು ನೇರವಾಗಿ ರಸ್ತೆ ದಾಟಿ ನಿನ್ನಪ್ಪನ ಅಂಗಡಿಗೆ ಹೋದೆ. ಅಮ್ಮನ ಹೊಟ್ಟೆನೋವಿನಿಂದ ಹಿಡಿದು ನನ್ನ ಗಾಜಿನ ಮಣಿಯವರೆಗೆ ಎಲ್ಲ ಹೇಳಿದೆ. ಭೂತಗನ್ನಡಿ ತೆಗೆದು ಕೆಳಗಿಟ್ಟ.

"ಹನ್ನೆರಡು ವರ್ಷ ಎದುರುಗಡೆ ಕೂತಿದ್ದೀನಿ ಅಕ್ಕಾ. ಕೂದಲೆಳೆಯಷ್ಟು ತೆಳ್ಳಗಿರೋ ಸ್ಪ್ರಿಂಗ್ ಕಾಣುತ್ತೆ ನಂಗೆ. ಇದು ಕಾಣ್ಲಿಲ್ಲ."

"ಕಾಣದ ಹಾಗೆ ಹೊಲಿದಿದ್ದು ಯಾರು ಅಂದ್ಕೊಂಡೆ?"

ನಗಲಿಲ್ಲ. ಆಮೇಲೆ ಮೆಲ್ಲಗೆ, "ನಾನು ಗಂಡಸಲ್ವಾ? ನನ್ನಿಂದ ಹೇಗೆ ಹೋಗುತ್ತೆ?" ಎಂದ.

"ನಿನಗೂ ಅದೇ ಅಮ್ಮ ಅಲ್ವೇನೋ?"

ಅಷ್ಟಕ್ಕೇ ಅವನ ಮುಖ ಬಾಡಿತು. ಮಗಳಿಗೆ ನಾನೇ ಕೊಟ್ಟಿರಬಹುದು ಎನ್ನುವುದೊಂದೇ ಅವನ ತಲೆಯಲ್ಲಿ. ಕೈಗುಣ ಎನ್ನುವ ಭೂತ ನನ್ನ ಹೆಗಲಿಂದ ಇಳಿದು ಅವನ ಹೆಗಲೇರಲು ನೋಡುತ್ತಿತ್ತು. ನಾನು ಬಿಡಲಿಲ್ಲ. "ಆರಿಸಿ ಕೊಟ್ಟಿದ್ದಾ ನೀನು? ಅಮ್ಮ ನಿನಗೆ ಆರಿಸಿ ಕೊಟ್ಳಾ? ಗುಬ್ಬಿಗೆ ಎತ್ತರ ಹತ್ತೋ ಧೈರ್ಯ ಎಲ್ಲಿಂದ ಬಂತು? ಅಲುಗದ ಕೈ ಎಲ್ಲಿಂದ ಬಂತು? ಅದನ್ನೂ ನಿನ್ನ ಹೆಸರಲ್ಲೇ ಬರ್ಕೋ" ಎಂದೆ. ಕಣ್ಣೊರೆಸಿಕೊಂಡು ನನಗೇ ಟೀ ತರಿಸಿದ.

ಈಗ ನಿನ್ನ ಸರದಿ. ಹೆದರಬೇಡ ಎಂದು ಹೇಳುವುದಿಲ್ಲ.

ಅತ್ತೆ

೫ ಸೆಪ್ಟೆಂಬರ್

ಅತ್ತೆಗೆ,

ಫಲಿತಾಂಶ ಬಂತು.

ಟೀಚರಮ್ಮನಿಗೆ ಇಲ್ಲ. ಅರ್ಧ 'ಇಲ್ಲ' ಅಲ್ಲ, ಪೂರ್ತಿ 'ಇಲ್ಲ'. ಎಲ್ಲಿ ನೋಡಬೇಕು ಎಂದು ನಿಮ್ಮ ರಕ್ತ ತೋರಿಸಿದ್ದರಿಂದ ಅಲ್ಲೇ ನೋಡಿದರು, ಅಲ್ಲಿ ಎಲ್ಲ ಸರಿಯಾಗಿದೆ. ಇನ್ನು ಅವಳಿಗೆ ಬೇರೆ ಹೆಂಗಸರಿಗಿರುವಷ್ಟೇ ಅಪಾಯ. ಅವಳ ಇಬ್ಬರು ಹೆಣ್ಣುಮಕ್ಕಳಿಗೂ ಈ ಲೋಪ ದಾಟುವ ದಾರಿಯಿಲ್ಲ. ಅವಳು ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಒರಗಿ, "ಚಿಕ್ಕಮ್ಮ ಬಾಯಿ ಬಿಟ್ಟಿಲ್ದಿದ್ರೆ ನಾನು ಸಾಯೋವರೆಗೂ ಹೆದರ್ಕೊಂಡೇ ಇರ್ತಿದ್ದೆ" ಎಂದಳು. ಅದನ್ನು ನಿಮಗೆ ಬರೆಯಲೇಬೇಕೆಂದು ಹೇಳಿದಳು.

ನನಗೆ ಇದೆ.

ಇಂಥ ಲೋಪವಿರುವ ನೂರು ಹೆಂಗಸರಲ್ಲಿ ಅರವತ್ತಕ್ಕಿಂತ ಹೆಚ್ಚು ಮಂದಿಗೆ ಬದುಕಿನಲ್ಲಿ ಎಂದಾದರೂ ಕಾಯಿಲೆ ಬರಬಹುದಂತೆ. ಬರದವರೂ ಇದ್ದಾರೆ. ಈಗಲೇ ಎರಡು ಸ್ತನಗಳನ್ನೂ ತೆಗೆಸಿದರೆ ಆ ಅಪಾಯ ಬಹಳ ಮಟ್ಟಿಗೆ ಹೋಗುತ್ತದೆ. ಇಲ್ಲವಾದರೆ ಪ್ರತಿ ವರ್ಷ ತಪ್ಪದೆ ಸ್ಕ್ಯಾನ್ ಮಾಡಿಸಿ ಕಾವಲು ಕಾಯಬಹುದು. ಬಂದರೂ ಬೇಗ ಸಿಕ್ಕುತ್ತದೆ, ನಿಮಗೆ ಸಿಕ್ಕ ಹಾಗೆ. ನಾನು ಈಗ ಕಾವಲನ್ನು ಆರಿಸಿಕೊಂಡಿದ್ದೇನೆ. ನಾಳೆ ಮನಸ್ಸು ಬದಲಾದರೆ ಬದಲಾಗಲಿ. ಇದನ್ನು ಯಾರೂ ನನಗೆ ಹೇಳಿಕೊಟ್ಟಿಲ್ಲ. ಒಂದು ಇಡೀ ಭಾನುವಾರ ಸಮುದ್ರದ ದಂಡೆಯಲ್ಲಿ ನಡೆದು ನಾನೇ ತೀರ್ಮಾನಿಸಿದೆ.

ಭಯವಿಲ್ಲ ಎಂದರೆ ಸುಳ್ಳು. ಫಲಿತಾಂಶ ಬಂದ ಮರುದಿನ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟು ಮತ್ತೆ ಕೆಳಗಿಳಿದೆ, ಹಾಗೆ ಮಾಡಿದ್ದು ಅದೇ ಮೊದಲ ಸಲ. ಏನನ್ನು ನೆನೆದು ಹತ್ತಿದೆ ಹೇಳಲೇ? ಹನ್ನೊಂದನೇ ಪುಸ್ತಕದ ಕೊನೆಯ ಹಾಳೆಯನ್ನು. ಒಂದು ಕಡೆ ಅಳತೆ, ಇನ್ನೊಂದು ಕಡೆ ಗೆರೆ, ಆಮೇಲೆ ಇಡೀ ಹನ್ನೆರಡನೇ ಪುಸ್ತಕ.

ಗುಬ್ಬಿ

೧೪ ಸೆಪ್ಟೆಂಬರ್

ಗುಬ್ಬಿ,

"ತೆಗೆಸಿಬಿಡು, ಎರಡು ಕಡೆಗೂ ನಾನು ಹೊಲಿದುಕೊಡುತ್ತೇನೆ" ಎಂದು ನಾಲ್ಕು ಪುಟ ಬರೆದಿದ್ದೆ. ನಿನ್ನಪ್ಪ ಓದಿ, "ಅಕ್ಕಾ, ಅವಳು ಅಂಗಿ ಹೊಲಿಸೋಕೆ ಬಂದಿಲ್ಲ" ಎಂದ. ಹರಿದು ಹಾಕಿದೆ. ತೀರ್ಮಾನ ನಿನ್ನದು. ಸ್ಕ್ಯಾನಿನ ದಿನ ಮಾತ್ರ ಮರೆತೆಯೋ, ಬಂದು ಕಿವಿ ಹಿಂಡುತ್ತೇನೆ.

ಅಂದಹಾಗೆ ಬರುವುದಂತೂ ಬರುತ್ತೇನೆ. ಅಕ್ಟೋಬರ್ ಮೊದಲ ವಾರ. ನೀನು ರಜೆ ಹಾಕಿದರೆ ಜಗಳ. ನಿನ್ನನ್ನು ಮನೆಯಲ್ಲಿ ನೋಡುವುದಕ್ಕಲ್ಲ, ಕೆಲಸದ ಮೇಲೆ ನೋಡುವುದಕ್ಕೆ ಬರುತ್ತಿರುವುದು.

ಅತ್ತೆ

೧೨ ಅಕ್ಟೋಬರ್

ಗುಬ್ಬಿಗೆ ಆಶೀರ್ವಾದ.

ಸುಖವಾಗಿ ಬಂದು ತಲುಪಿದೆ. ನೀನು ಗೂಡಿನಲ್ಲಿದ್ದಾಗ ಕೆಳಗೆ ನಡೆದದ್ದು ನಿನಗೆ ಗೊತ್ತಿಲ್ಲ, ಅದನ್ನು ಹೇಳದಿದ್ದರೆ ಅನ್ನ ಅರಗುವುದಿಲ್ಲ.

ನನ್ನ ತಲೆಗೆ ಹಳದಿ ಟೋಪಿ ಹಾಕಿ, ಗೆರೆಯ ಆಚೆ ನಿಲ್ಲಿಸಿದರು. ಪಕ್ಕದಲ್ಲಿ ನಿಮ್ಮ ಮೇಸ್ತ್ರಿ. ಕತ್ತೆತ್ತಿ ನೋಡಿದರೆ ಆಕಾಶದಲ್ಲಿ ಬೆರಳಿನ ಉಗುರಿನಷ್ಟು ಗಾಜು, ಅದರೊಳಗೆ ನೀನು. ಆ ಪೆಟ್ಟಿಗೆ ಹಡಗಿನಿಂದ ಮೇಲೆದ್ದಿತು. ಅಬ್ಬಾ! ಗಾಳಿ ಬೀಸುತ್ತಿತ್ತು. ಅದು ಒಂದಿಷ್ಟು ತೂಗಿತು. ನೀನು ಸ್ವಲ್ಪ ತಡೆದೆ. ತೂಗುವುದು ನಿಂತಿತು. ಆಮೇಲೆ ಮಲಗಿದ ಮಗುವನ್ನು ಇಳಿಸುವ ಹಾಗೆ ಇಳಿಸಿದೆ. ಲಾರಿಯ ಡ್ರೈವರನ ಲೋಟದ ಮೇಲೇ ನನ್ನ ಕಣ್ಣು. ಒಂದು ಹನಿ ಚೆಲ್ಲಲಿಲ್ಲ. ನಾನು ಜೋರಾಗಿ ಚಪ್ಪಾಳೆ ಹೊಡೆದೆ. ಅಲ್ಲಿ ಯಾರೂ ಚಪ್ಪಾಳೆ ಹೊಡೆಯುವುದಿಲ್ಲವಂತೆ. ಹೊಡೆಯದಿದ್ದರೆ ಅವರ ಕರ್ಮ.

ಮೇಸ್ತ್ರಿ ಕೇಳಿದ, "ಮೇಲಿರೋರು ನಿಮ್ಮ ಮಗಳಾ?"

"ತಮ್ಮನ ಮಗಳು. ನಮ್ಮಮ್ಮನ ಮೊಮ್ಮಗಳು" ಎಂದೆ. ನಮ್ಮಮ್ಮ ಯಾರೆಂದು ಅವನಿಗೇನು ಗೊತ್ತು? ಆದರೂ ಹೇಳಿದೆ.

ಅವನು ಮೇಲೆ ನೋಡುತ್ತಾ, "ದಿನಾ ಅಷ್ಟೆತ್ತರ ಹತ್ತುತ್ತಾರೆ. ಅವರಿಗೆ ಭಯಾನೇ ಆಗಲ್ವಾ ಅಂತ ನಂಗೆ ಆಶ್ಚರ್ಯ" ಎಂದ.

"ಆಗುತ್ತಪ್ಪ" ಎಂದೆ ನಾನು. "ನಮ್ಮ ಮನೆ ಹೆಂಗಸರಿಗೆಲ್ಲ ಭಯ ಆಗುತ್ತೆ. ಆದ್ರೂ ಹತ್ತುತ್ತೀವಿ."

ಅತ್ತೆ